ಪುಟ್ಟಗೌರಮ್ಮನಿಗಲ್ಲದೆ ಹಾಲು ಕೊಡದ ಹಸು

ಪಾಂಡವಪುರ ಮುಗಿದು ಗದ್ದೆ ಶುರುವಾಗುವ ಕಡೆ ಒಂದು ಬೀದಿಯಿದೆ. ಈ ತುದಿಗೆ ಮೊಬೈಲ್ ರಿಪೇರಿ ಅಂಗಡಿ, ಆ ತುದಿಗೆ ತಿಪ್ಪೆಗಳ ಸಾಲು. ನಡುವೆ ಇರುವ ಮನೆಗಳಲ್ಲಿ ಅರ್ಧಕ್ಕರ್ಧ ಮನೆಗಳಿಗೆ ಹಸುವಿದೆ, ಎಲ್ಲ ಮನೆಗಳಿಗೂ ಸ್ಕೂಟರಿದೆ. ಅಲ್ಲಿ ನಿಂತು ಪುಟ್ಟಗೌರಮ್ಮನ ಮನೆ ಯಾವುದು ಎಂದು ಕೇಳಿದರೆ ಮನೆ ನಂಬರು ಯಾರೂ ಹೇಳುವುದಿಲ್ಲ. "ಅದೇ, ಅವ್ಳೊಬ್ಳಿಗೇ ಹಾಲ್ ಕೊಡೋ ಹಸ ಅದಲ್ಲಾ, ಆ ಮನೆ" ಎಂದು ಕೈ ತೋರಿಸುತ್ತಾರೆ.

ಪುಟ್ಟಗೌರಮ್ಮನಿಗೆ ಈಗ ಐವತ್ತಮೂರು. ಗಂಡ ರಂಗಸ್ವಾಮಿಗೆ ನಾಲೆ ಬಯಲಿನಲ್ಲಿ ಎರಡು ಎಕರೆ ಗದ್ದೆಯಿದೆ; ಒಂದರಲ್ಲಿ ಭತ್ತ, ಇನ್ನೊಂದರಲ್ಲಿ ಕಬ್ಬು. ಒಬ್ಬಳೇ ಮಗಳು ಹೇಮಶ್ರೀಯನ್ನು ಕೆ.ಆರ್. ಪೇಟೆಗೆ ಕೊಟ್ಟಿದ್ದಾರೆ. ಹಸುವಿನ ವಿಷಯದಲ್ಲಿ ಗಂಡಹೆಂಡಿರ ಪಾಲು ಗೆರೆ ಎಳೆದು ಬಿಡಿಸಿಟ್ಟಂತಿತ್ತು. ಮೇವು ತರುವವನು, ಕ್ಯಾನನ್ನು ಮೊಪೆಡ್ಡಿಗೆ ಸಿಕ್ಕಿಸಿಕೊಂಡು ಡೈರಿಗೆ ಹೋಗುವವನು, ಡೈರಿ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು ರಂಗಸ್ವಾಮಿ. ಬೆಳಿಗ್ಗೆ ಐದೂವರೆಗೆ, ಸಂಜೆ ಐದೂವರೆಗೆ ಕೆಚ್ಚಲಿನ ಕೆಳಗೆ ಕೂರುವವಳು ಪುಟ್ಟಗೌರಮ್ಮ.

ಇದು ಹೀಗಾದದ್ದಕ್ಕೆ ಒಂದು ಕಥೆಯಿದೆ. ಹದಿನಾಲ್ಕು ವರ್ಷದ ಹಿಂದೆ ತೆಂಡೇಕೆರೆ ಸಂತೆಯಿಂದ ಒಂದು ಸೀಮೆಹಸು ತಂದರು. ಕಪ್ಪು ಬಿಳುಪು ಮಚ್ಚೆಯ, ನೋಡಲು ಚೆನ್ನಾಗಿದ್ದ ಹಸು. ಚೆಲುವಿ ಎಂದು ಹೆಸರಿಟ್ಟರು. ತಂದ ಮೂರನೆಯ ವಾರ ಪುಟ್ಟಗೌರಮ್ಮ ಜ್ವರ ಬಂದು ಮಲಗಿದಳು. ಬಕೆಟ್ಟು ಹಿಡಿದು ರಂಗಸ್ವಾಮಿ ಕೂತ. ಅವನ ಬಾಯಲ್ಲಿದ್ದ ಬೀಡಿಯ ಹೊಗೆಯೋ, ಅವನ ಒರಟು ಕೈಯೋ, ಅಥವಾ ಹೊಸ ದನದ ಹಟ್ಟಿಯ ದಿಗಿಲೋ, ಚೆಲುವಿ ಒಂದೇ ಒಂದು ಸಲ ಕಾಲು ಜಾಡಿಸಿದಳು. ಬಕೆಟ್ಟು ಬಾಗಿಲಾಚೆ ಹೋಯಿತು, ರಂಗಸ್ವಾಮಿ ಗಂಜಳದ ಗುಂಡಿಗೆ ಹೋದ. ಪುಟ್ಟಗೌರಮ್ಮ ಕಂಬಳಿ ಹೊದ್ದುಕೊಂಡೇ ಎದ್ದು ಬಂದು ಕೂತಳು. ಹಾಲು ಇಳಿಯಿತು. ಅಲ್ಲಿಗೆ ಆ ಮನೆಯಲ್ಲಿ ಒಂದು ಕಾನೂನು ಪಾಸಾಯಿತು: ಈ ಹಸು ಪುಟ್ಟಗೌರಮ್ಮನಿಗಲ್ಲದೆ ಇನ್ನೊಬ್ಬರಿಗೆ ಹಾಲು ಕೊಡುವುದಿಲ್ಲ.

ರಂಗಸ್ವಾಮಿಗೆ ಈ ಕಾನೂನಿನಿಂದ ನಷ್ಟವೇನೂ ಇರಲಿಲ್ಲ. ಚಳಿಗಾಲದ ಬೆಳಿಗ್ಗೆ ಐದೂವರೆಗೆ ಯಾರಿಗೆ ತಾನೆ ಏಳಬೇಕೆನಿಸುತ್ತದೆ. ಪುಟ್ಟಗೌರಮ್ಮನೂ ಅದನ್ನು ಊರೆಲ್ಲ ಹೇಳಿಕೊಂಡು ಬಂದಳು. "ನಂಗಿದೊಂದ್ ಕಾಟ ಕಣೆ. ನಾನಿಲ್ದೇ ಹೋದ್ರೆ ಹಾಲ್ನ ಮ್ಯಾಲಕ್ ಏರಿಸ್ಕಂಡ್ಬುಡ್ತಾಳೆ. ಇನ್ಯಾರಾದ್ರೂ ಕೈಯಿಟ್ರೆ ಒದ್ದೇ ಒದೀತಾಳೆ" ಎಂದು ಸಂಘದ ಹೆಂಗಸರ ಮುಂದೆ ಗೋಳು ಹೇಳಿಕೊಳ್ಳುವಳು. ಹೇಳುವಾಗ ಅವಳ ಮುಖ ನೋಡಿದವರಿಗೆ ಗೋಳು ಎಲ್ಲಿದೆ ಎಂದು ಹುಡುಕಬೇಕಾಗುತ್ತಿತ್ತು. ಬಂಗಾರದ ಬಳೆ ಭಾರ ಎಂದು ದೂರುವ ಹೆಂಗಸಿನ ಮುಖ ಹೇಗಿರುತ್ತದೋ ಹಾಗಿರುತ್ತಿತ್ತು.

ಹೆಮ್ಮೆ ಇದ್ದರೂ ಕಟ್ಟಿಹಾಕಿದ್ದು ಸುಳ್ಳಲ್ಲ. ಹದಿನಾಲ್ಕು ವರ್ಷ ಪುಟ್ಟಗೌರಮ್ಮ ಬೇರೊಂದು ಮನೆಯಲ್ಲಿ ಒಂದು ರಾತ್ರಿ ಮಲಗಿ ಏಳಲಿಲ್ಲ. ಮೈಸೂರಿನ ದಸರಾಕ್ಕೆ ಬೀದಿಯ ಹೆಂಗಸರೆಲ್ಲ ಹೋದರೂ ಇವಳು ಹೋಗಲಿಲ್ಲ. ಮೇಲುಕೋಟೆಗೆ ಹೋದರೆ ದೇವರಿಗೆ ಕೈ ಮುಗಿದು, ಪುಳಿಯೋಗರೆಯನ್ನು ಕಟ್ಟಿಸಿಕೊಂಡು ಮೂರು ಗಂಟೆಯ ಬಸ್ಸು ಹಿಡಿಯುವಳು. ಸ್ವಂತ ಮಗಳ ಮದುವೆಯ ದಿನ ಛತ್ರದಿಂದ ಆಟೋ ಹಿಡಿದು ಬಂದು, ರೇಷ್ಮೆ ಸೀರೆಯನ್ನು ಎತ್ತಿ ಸಿಕ್ಕಿಸಿ, ಹಾಲು ಕರೆದಿಟ್ಟು, ಕೈ ತೊಳೆದು ಮತ್ತೆ ಛತ್ರಕ್ಕೆ ಹೋಗಿ ಬೀಗಿತ್ತಿಯ ಪಕ್ಕ ಕೂತಳು. ಹಸು ಬತ್ತಿದ ಎರಡು ತಿಂಗಳು ಬಿಡುವಲ್ಲವೇ ಎಂದು ಯಾರಾದರೂ ಕೇಳಿದರೆ, ಅವರು ಹಗಲು ರಾತ್ರಿ ಕಾಯಬೇಕಾದ ಗಬ್ಬದ ಹಸುವನ್ನು ಸಾಕಿದವರಲ್ಲ ಎಂದು ಸುಮ್ಮನಾಗಬೇಕು.

ಏಳು ವರ್ಷದ ಹಿಂದೆ ಚೆಲುವಿಗೆ ವಯಸ್ಸಾಯಿತೆಂದು ಮಾರಿದರು. ಆ ಹೊತ್ತಿಗೆ ಅವಳ ಮಗಳೊಬ್ಬಳು ಕರು ಹಾಕಿ ಹಾಲಿಗೆ ಬಂದಿದ್ದಳು. ತಾಯಿಯದೇ ಮಚ್ಚೆ, ತಾಯಿಯದೇ ಗೂಟ. ಹೆಸರೂ ಚೆಲುವಿ ಎಂದೇ ಉಳಿಯಿತು, ಅದರ ಜೊತೆಗೆ ಕಾನೂನೂ ಉಳಿಯಿತು. ಈ ಹೊಸ ಚೆಲುವಿ ಹುಟ್ಟಿದಾಗಿನಿಂದ ಯಾರನ್ನೂ ಒದ್ದವಳಲ್ಲ. ಆದರೆ ಅವಳ ಕೆಳಗೆ ಪುಟ್ಟಗೌರಮ್ಮನನ್ನು ಬಿಟ್ಟು ಯಾರೂ ಕೂತೂ ಇರಲಿಲ್ಲ. ಇದನ್ನು ಯಾರೂ ಯೋಚಿಸಲಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯವನ್ನು ಮತ್ತೆ ಪರೀಕ್ಷೆ ಮಾಡುವವರು ಯಾರಿದ್ದಾರೆ.

ಐದು ವರ್ಷದ ಹಿಂದೆ ಪುಟ್ಟಗೌರಮ್ಮನ ತಾಯಿ ಚಿಕ್ಕಬೋರಮ್ಮ ಹಾಸಿಗೆ ಹಿಡಿದಳು. ಮುದುಕಿ ಇದ್ದದ್ದು ನಾಗಮಂಗಲದಿಂದ ಆರು ಮೈಲಿ ಆಚೆಗಿನ ಊರಿನಲ್ಲಿ, ಮಗ ಸೊಸೆಯ ಜೊತೆ. ಸೊಸೆ ಪಾರ್ವತಮ್ಮ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ಪುಟ್ಟಗೌರಮ್ಮ ಬೆಳಗಿನ ಹಾಲು ಕರೆದು ಬಸ್ಸು ಹತ್ತುವಳು. ತಾಯಿಯ ಕಾಲ ಬಳಿ ಕೂತು ಗಂಜಿ ಕುಡಿಸುವಳು, ತಲೆ ಬಾಚುವಳು, ಮೂರು ಗಂಟೆಗೆ ಏಳುವಳು. ಹೀಗೆ ವಾರಕ್ಕೆರಡು ಸಲ. ಒಂದು ಬುಧವಾರ ಎದ್ದಾಗ ಮುದುಕಿ ಅವಳ ಸೆರಗಿನ ತುದಿ ಹಿಡಿದುಕೊಂಡಳು.

"ಇವತ್ತೊಂದಿನ ಇರು ಮಗ" ಎಂದಳು.

"ಹಾಲ್ ಕರೀಬೇಕು ಕಣವ್ವ. ನಾನೋಗ್ನಿಲ್ಲ ಅಂದ್ರೆ ಅವ್ಳು ಯಾರ್ಗೂ ಕೊಡಕಿಲ್ಲ. ಕೆಚ್ಚಲು ಬಾವು ಬಂದ್ಬುಡ್ತದೆ. ನಾಳೀಕ್ ಬತ್ತೀನಿ" ಎಂದು ಪುಟ್ಟಗೌರಮ್ಮ ಸೆರಗನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅಂಗಾ" ಎಂದಿತು ಮುದುಕಿ. ಅದಕ್ಕೂ ಹಸು ಸಾಕಿ ಗೊತ್ತಿತ್ತು.

ಅಂದು ಸಂಜೆ ಪುಟ್ಟಗೌರಮ್ಮ ಹಾಲು ಕರೆಯುತ್ತಿರುವಾಗ ಹಟ್ಟಿಯ ಬಾಗಿಲಲ್ಲಿ ರಂಗಸ್ವಾಮಿ ಬಂದು ನಿಂತ. ಕೈಯಲ್ಲಿ ಫೋನಿತ್ತು. ಅರ್ಧಕ್ಕೆ ಎದ್ದರೆ ಹಸು ಬೆದರುತ್ತದೆ ಎಂದು ಕಾದ. ಕೊನೆಯ ಹನಿ ಇಳಿದು, ಅವಳು ಬಕೆಟ್ಟನ್ನು ಪಕ್ಕಕ್ಕಿಟ್ಟು ಕೆಚ್ಚಲು ಒರೆಸಿದ ಮೇಲೆ, "ಅವ್ವ ಹೋಗ್ಬುಟ್ಳಂತೆ" ಎಂದ.

ತಿಥಿಯ ದಿನ ನೆಂಟರಿಷ್ಟರು ಬಂದಾಗ ಪುಟ್ಟಗೌರಮ್ಮ ಅತ್ತಳು. "ಇರು ಅಂದ್ಳು, ಇರಕ್ ಆಗ್ನಿಲ್ಲ" ಎಂದು ಅತ್ತಳು. ಎಲ್ಲರೂ ಒಂದೇ ಮಾತು ಹೇಳಿದರು: ನೀನೇನು ಮಾಡೀಯೆ, ನಿನ್ನ ಹಸು ಅಂಥದ್ದು. ಈ ಮಾತು ಅವಳಿಗೆ ಬೇಕಾಗಿತ್ತು. ಐದು ವರ್ಷ ಅದನ್ನು ಹಿಡಿದುಕೊಂಡೇ ನಡೆದಳು. ತಾಯಿಯ ನೆನಪು ಬಂದು ಎದೆ ಹಿಂಡಿದಾಗಲೆಲ್ಲ, ನಾನೇನು ಮಾಡಲಿ, ಹಸು ಅಂಥದ್ದು ಎಂದು ತನಗೆ ತಾನೇ ಹೇಳಿಕೊಳ್ಳುವಳು. ಹೇಳಿಕೊಂಡರೆ ಎದೆ ಸ್ವಲ್ಪ ಸಡಿಲವಾಗುತ್ತಿತ್ತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಹೇಮಶ್ರೀಗೆ ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಆಗಬೇಕು ಎಂದಾಯಿತು. ಕೆ.ಆರ್. ಪೇಟೆಯಲ್ಲೇ ಮಾಡುತ್ತಾರೆ, ಮೂರು ದಿನ ಆಸ್ಪತ್ರೆಯಲ್ಲಿರಬೇಕು. ಅಳಿಯ ರಘುನಂದನ್ ಒಳ್ಳೆಯ ಹುಡುಗನೇ, ಆದರೆ ಹೆಂಗಸರ ವಾರ್ಡಿನಲ್ಲಿ ರಾತ್ರಿ ಅವನನ್ನು ಇರಗೊಡುವುದಿಲ್ಲ. ಹೇಮಶ್ರೀ ಫೋನು ಮಾಡಿ, ಅಮ್ಮ ನೀನೇ ಬಂದು ಜೊತೆಗಿರಬೇಕು ಎಂದಳು.

"ಬೆಳಗ್ಗೆ ಬಂದು ಸಾಯಂಕಾಲ ವಾಪಸ್ ಹೋಯ್ತೀನಿ ಮಗ. ಹಸ..." ಎಂದು ಪುಟ್ಟಗೌರಮ್ಮ ಶುರು ಮಾಡಿದಳು.

"ಅಜ್ಜಿ ಸಾಯೋವಾಗ್ಲೂ ಹಸ ಅಂದೆ. ನಂಗೂ ಅದನ್ನೇ ಅಂತೀಯಾ?" ಎಂದಳು ಹೇಮಶ್ರೀ. ಆಮೇಲೆ ತಾನಾಡಿದ ಮಾತಿಗೆ ತಾನೇ ಹೆದರಿ ಫೋನಿಟ್ಟಳು.

ಪುಟ್ಟಗೌರಮ್ಮ ಆ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಗಂಡನನ್ನು ಹಟ್ಟಿಗೆ ಕರೆದು, "ಇನ್ನು ಹದಿನೈದು ದಿನ ಅದೆ. ನೀವು ಕಲೀಬೇಕು" ಎಂದಳು. ರಂಗಸ್ವಾಮಿಗೆ ಗಂಜಳದ ಗುಂಡಿ ನೆನಪಾಯಿತು.

ಅವಳದ್ದೇ ಒಂದು ಲೆಕ್ಕಾಚಾರವಿತ್ತು. ಹಸು ಗುರುತು ಹಿಡಿಯುವುದು ವಾಸನೆಯಿಂದ, ಬಟ್ಟೆಯಿಂದ. ಬೆಳಿಗ್ಗೆ ಸಂಜೆ ಅವಳು ತೊಡುತ್ತಿದ್ದ ಒಂದು ನೇರಳೆ ಬಣ್ಣದ ನೈಟಿಯಿತ್ತು; ಅದರ ತುಂಬ ಬೂಸಾ ಮತ್ತು ಹಾಲಿನ ವಾಸನೆ. ಅದನ್ನೇ ರಂಗಸ್ವಾಮಿ ಹಾಕಿಕೊಂಡು ತಲೆಯ ಮೇಲೆ ಅವಳ ಟವೆಲ್ ಹೊದ್ದುಕೊಂಡರೆ ಚೆಲುವಿ ಮೋಸ ಹೋಗಬಹುದು. ಡೈರಿ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂರುವ ಮನುಷ್ಯ, ಬಿಳಿ ಪಂಚೆ ಉಡದೆ ಬೀದಿಗಿಳಿಯದ ಮನುಷ್ಯ, ಹಟ್ಟಿಯ ಬಾಗಿಲು ಹಾಕಿಕೊಂಡು ಹೆಂಡತಿಯ ನೈಟಿ ತೊಟ್ಟು ನಿಂತ. ಕತ್ತಿನ ಹತ್ತಿರ ಅಗಲವಾಯಿತೆಂದು ಪುಟ್ಟಗೌರಮ್ಮ ಎರಡು ಪಿನ್ನು ಸಿಕ್ಕಿಸಿದಳು.

"ಯಾರಾದ್ರೂ ನೋಡ್ಬುಟ್ರೆ ನಾನು ಊರು ಬುಡ್ಬೇಕಾಯ್ತದೆ ಕಣೆ" ಎಂದ ರಂಗಸ್ವಾಮಿ.

"ಬುಡೂರಂತೆ. ಮೊದ್ಲು ಕೂತ್ಕಳಿ."

ಅವನು ಕೂತ, ಅವಳು ಹಸುವಿನ ಕತ್ತು ತುರಿಸುತ್ತ ಪಕ್ಕದಲ್ಲೇ ನಿಂತಳು. ಚೆಲುವಿ ಹಿಂತಿರುಗಿ ಒಮ್ಮೆ ನೋಡಿ ಬೂಸಾಕ್ಕೆ ಬಾಯಿ ಹಾಕಿದಳು. ಹಾಲು ಇಳಿಯಿತು. ನಾನು ಪಕ್ಕದಲ್ಲಿದ್ದೇನಲ್ಲ ಅದಕ್ಕೆ ಎಂದುಕೊಂಡಳು ಪುಟ್ಟಗೌರಮ್ಮ. ಹದಿನೈದು ದಿನವೂ ಹಾಗೆಯೇ ಪಕ್ಕದಲ್ಲಿ ನಿಂತಳು. ಒಂದು ದಿನವಾದರೂ ಆಚೆ ಹೋಗಿ ನೋಡೋಣ ಎಂದು ಅವಳಿಗೆ ಅನಿಸಲಿಲ್ಲ, ಅಥವಾ ಅನಿಸಿದರೂ ಕಾಲು ಬರಲಿಲ್ಲ.

ಹೊರಡುವ ದಿನ ನೈಟಿಯನ್ನು ಮಡಿಸಿ, ಪಿನ್ನುಗಳನ್ನು ಅದಕ್ಕೇ ಸಿಕ್ಕಿಸಿ, ಹಟ್ಟಿಯ ಗೋಡೆಯ ಗೂಡಿನಲ್ಲಿಟ್ಟಳು. ಮರೆಯಬಾರದೆಂದು ಮೂರು ಸಲ ಹೇಳಿದಳು. ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಟಿಕೆಟ್ಟು ಕೈಗೆ ತೆಗೆದುಕೊಂಡಾಗಲೂ ತಲೆಯಲ್ಲಿ ಹಟ್ಟಿಯೇ ಇತ್ತು.

ಹೇಮಶ್ರೀಯ ಆಪರೇಷನ್ ಮಧ್ಯಾಹ್ನ ಮುಗಿಯಿತು. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿದರು. ಸಂಜೆ ಐದೂವರೆಗೆ ಪುಟ್ಟಗೌರಮ್ಮನ ಕೈ ತಾನಾಗಿಯೇ ಮುಷ್ಟಿ ಕಟ್ಟಿ ಬಿಚ್ಚಲು ಶುರು ಮಾಡಿತು. ಆರಕ್ಕೆ ತಡೆಯಲಾರದೆ ವಾರ್ಡಿನ ಮೂಲೆಗೆ ಹೋಗಿ ಫೋನು ಮಾಡಿದಳು.

"ಕೊಡ್ತಾ?"

"ಊಂ... ಕೊಡ್ತಾವ್ಳೆ ಬುಡು" ಎಂದ ರಂಗಸ್ವಾಮಿ.

"ಫೋನ್ನ ಅವಳ ಕಿವೀಗ್ ಹಿಡೀರಿ. ನನ್ ದನಿ ಕೇಳಿದ್ರೆ ಪೂರಾ ಇಳಿಸ್ತಾಳೆ."

ಅತ್ತಲಿಂದ ಸರಬರ ಸದ್ದಾಯಿತು. ಪುಟ್ಟಗೌರಮ್ಮ ಫೋನಿನೊಳಗೆ, "ಚೆಲ್ವೀ, ನಾನು ಕಣವ್ವ. ಕೊಡು ಮಗ. ನನ್ ಬಂಗಾರಿ, ಕೊಡು" ಎಂದು ದೊಡ್ಡ ದನಿಯಲ್ಲಿ ಮುದ್ದು ಮಾಡಿದಳು. ಅಕ್ಕಪಕ್ಕದ ಹಾಸಿಗೆಯವರು ಕತ್ತೆತ್ತಿ ನೋಡಿದರು. ಡ್ರಿಪ್ ಬದಲಿಸುತ್ತಿದ್ದ ನರ್ಸು, ಮೊಮ್ಮಗಳಾ ಎಂದು ಕೇಳಿದಳು. ಅಲ್ಲ, ಹಸು ಎಂದು ಹೇಮಶ್ರೀ ಮಲಗಿದ್ದಲ್ಲಿಂದಲೇ ಹೇಳಿ, ಹೊಲಿಗೆ ನೋವಿನಲ್ಲೂ ನಕ್ಕಳು. ಮೂರು ದಿನವೂ ಈ ಸೇವೆ ತಪ್ಪಲಿಲ್ಲ. ನೈಟಿ ಹಾಕಿಕೊಂಡಿರಾ ಎಂದು ಕೇಳಿದಾಗಲೆಲ್ಲ ರಂಗಸ್ವಾಮಿ, "ಅದೆಲ್ಲಾ ಆಯ್ತದೆ ಬುಡು, ಮಗ ಎಂಗವ್ಳೆ?" ಎಂದು ಮಾತು ತೇಲಿಸುತ್ತಿದ್ದ.

ನಾಲ್ಕನೆಯ ದಿನ ಮಗಳನ್ನು ಅವಳ ಮನೆಗೆ ಮುಟ್ಟಿಸಿ, ಅವಳ ಅತ್ತೆಗೆ ಪಥ್ಯವನ್ನೆಲ್ಲ ಒಪ್ಪಿಸಿ, ಪುಟ್ಟಗೌರಮ್ಮ ಮಧ್ಯಾಹ್ನದ ಹೊತ್ತಿಗೆ ಪಾಂಡವಪುರದಲ್ಲಿಳಿದಳು. ಮನೆಗೆ ಬಂದವಳು ಚೀಲವನ್ನು ಜಗಲಿಯ ಮೇಲೆ ಇಟ್ಟು ನೇರ ಹಟ್ಟಿಗೆ ಹೋದಳು. ಚೆಲುವಿ ಮೆಲುಕು ಹಾಕುತ್ತ ಮಲಗಿದ್ದಳು. ಎದ್ದು ನಿಲ್ಲಲಿಲ್ಲ. ಕಿವಿಯೊಂದನ್ನು ಆಡಿಸಿದಳು, ಅಷ್ಟೆ. ಕೆಚ್ಚಲು ಮೃದುವಾಗಿತ್ತು, ಬಾವಿರಲಿಲ್ಲ. ಪುಟ್ಟಗೌರಮ್ಮನಿಗೆ ಸಮಾಧಾನವಾಯಿತು. ಆಗ ಗೋಡೆಯ ಗೂಡು ಕಣ್ಣಿಗೆ ಬಿತ್ತು. ನೇರಳೆ ನೈಟಿ ಅಲ್ಲೇ ಇತ್ತು. ಅವಳು ಮಡಿಸಿದ ಮಡಿಕೆ ಹಾಗೆಯೇ ಇತ್ತು, ಪಿನ್ನುಗಳು ಅವಳು ಸಿಕ್ಕಿಸಿದ ಜಾಗದಲ್ಲೇ ಇದ್ದವು. ಮೇಲೆ ಹೊಟ್ಟಿನ ಧೂಳು ಕೂತಿತ್ತು.

ಅವಳು ಅದನ್ನು ಮುಟ್ಟಲಿಲ್ಲ. ಒಗೆದು ಮಡಿಸಿಟ್ಟಿರಬಹುದು ಎಂದು ಸ್ವಲ್ಪ ಹೊತ್ತು ತನಗೆ ತಾನೇ ಹೇಳಿಕೊಂಡಳು. ರಂಗಸ್ವಾಮಿ ಹುಟ್ಟಿದಾರಭ್ಯ ಒಂದು ಕರವಸ್ತ್ರ ಒಗೆದವನಲ್ಲ ಎಂಬುದು ಅವಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸಂಜೆ ಐದೂವರೆಗೆ ಸೆರಗು ಕಟ್ಟಿಕೊಂಡು ಏಳುವಷ್ಟರಲ್ಲಿ ರಂಗಸ್ವಾಮಿ ಬಕೆಟ್ಟು ಹಿಡಿದು ಆಗಲೇ ಹೊರಟಿದ್ದ. "ನೀನ್ ದಣಿದಿದ್ದೀಯ. ಕೂತ್ಕ. ನಾನೇ ಕರೀತೀನಿ" ಎಂದ. ಅವನ ದನಿಯಲ್ಲಿ ಹೊಸದೊಂದು ಗತ್ತು ಬಂದಿತ್ತು.

ಅವಳು ಹಿಂದೆಯೇ ಹೋಗಿ ಹಟ್ಟಿಯ ಬಾಗಿಲಲ್ಲಿ ನಿಂತಳು. ರಂಗಸ್ವಾಮಿ ಪಟ್ಟೆಯ ಚಡ್ಡಿ, ಬನಿಯನ್ನಿನಲ್ಲಿದ್ದ. ಹಸುವಿನ ಬೆನ್ನ ಮೇಲೆ ಒಮ್ಮೆ ತಟ್ಟಿ ಕೂತ, ಕೆಚ್ಚಲು ತೊಳೆದ, ಕೈಗೆ ಒಂದಿಷ್ಟು ಎಣ್ಣೆ ಸವರಿಕೊಂಡ. ಚೆಲುವಿ ಹಿಂತಿರುಗಿಯೂ ನೋಡಲಿಲ್ಲ. ಬಕೆಟ್ಟಿನ ತಳಕ್ಕೆ ಹಾಲು ಬೀಳುವ ಸದ್ದು ಕೇಳಿತು, ಮೊದಲು ಚರ್ ಚರ್ ಎಂದು, ಆಮೇಲೆ ನೊರೆ ಏರಿದಂತೆ ಮೆತ್ತಗೆ. ಹದಿನಾಲ್ಕು ವರ್ಷ ಆ ಸದ್ದನ್ನು ಅವಳು ಕೂತು ಕೇಳಿದ್ದಳೇ ಹೊರತು ನಿಂತು ಕೇಳಿರಲಿಲ್ಲ.

"ಇಂಗೇ ಕೊಟ್ಳಾ? ಮೊದಲ್ನೇ ದಿನದಿಂದ್ಲೂ?" ಎಂದು ಕೇಳಿದಳು.

"ಊಂ ಕಣೆ. ನೈಟಿ ತಕ್ಕಳನ ಅಂತ ಎದ್ದೆ. ಆ ಕಡೆ ಮನೆಯೋರು ಬಾಗ್ಲಲ್ಲೇ ನಿಂತಿದ್ರು, ನಾಚ್ಕೆ ಆಯ್ತು. ಒದ್ರೆ ಒದೀಲಿ ಅಂತ ಇಂಗೇ ಕೂತ್ಕಂಡೆ. ಪಾಪದ್ದು ಇದು, ಕೊಟ್ಬುಡ್ತು. ನೀನ್ ಫೋನ್ ಮಾಡೋ ಹೊತ್ಗೆ ಕರ್ದೂ ಆಗಿತ್ತು, ಡೈರೀಗೂ ಹಾಕಿದ್ದೆ."

"ಮತ್ತೆ ಕಿವೀಗ್ ಹಿಡ್ದಿದ್ರಿ?"

"ನಿಂಗ್ ಸಮಾಧಾನ ಆಗ್ಲಿ ಅಂತ ಹಿಡ್ದೆ" ಎಂದು ರಂಗಸ್ವಾಮಿ ನಕ್ಕ. ಹೊಗಳಿಕೆಗೆ ಕಾಯುತ್ತಿದ್ದ. ಅದು ಬರದಿದ್ದಾಗ, "ಡೈರೀಲಿ ಹಾಲ್ ಅಳೆಯೋ ರವೀಂದ್ರ ಅಂತಾನೆ, ಏನಣ್ಣ ಮೂರ್ ದಿನದಿಂದ ಅರ್ಧ ಲೀಟ್ರು ಜಾಸ್ತೀನೇ ಅದೆ ಅಂತ" ಎಂದು ಸೇರಿಸಿದ.

"ಇಷ್ಟು ವರ್ಸದಲ್ಲಿ ಒಂದಿನ ಕೂತ್ಕಂಡು ನೋಡ್ಬಾರ್ದಾಗಿತ್ತಾ ನೀವು?"

"ನೀನು ಬುಟ್ಟಿದ್ರೆ ತಾನೆ?" ಎಂದ ರಂಗಸ್ವಾಮಿ.

ಅವನು ಜಗಳಕ್ಕೆ ಅಂದದ್ದಲ್ಲ. ನಿಜವನ್ನೇ ಅಂದ. ಪುಟ್ಟಗೌರಮ್ಮನಿಗೆ ಅದು ಗೊತ್ತಾಯಿತು. ಬಿಟ್ಟಿರಲಿಲ್ಲ. ಒಬ್ಬರನ್ನೂ ಹತ್ತಿರ ಸೇರಿಸಿರಲಿಲ್ಲ. ತನಗಲ್ಲದೆ ಕೊಡುವುದಿಲ್ಲ ಎಂಬ ಮಾತು ಅವಳಿಗೆ ಅಷ್ಟು ರುಚಿಸಿತ್ತು. ಅವ್ವ ಹೋದ ಆ ಬುಧವಾರ ಫೋನು ಹಿಡಿದು ಗಂಡ ನಿಂತಿದ್ದ ಜಾಗದಲ್ಲೇ ಈಗ ಅವಳು ನಿಂತಿದ್ದಳು. ಆ ದಿನ ಅಲ್ಲಿ ಅವನು ಕೂತಿದ್ದರೂ ಹಾಲು ಇಳಿಯುತ್ತಿತ್ತು. ಸೆರಗು ಬಿಡಿಸಿಕೊಳ್ಳಬೇಕಾಗಿರಲಿಲ್ಲ. ಇನ್ನು ಮೇಲೆ ಎದೆ ಹಿಂಡಿದಾಗ ಹೇಳಿಕೊಳ್ಳಲು ಅವಳ ಹತ್ತಿರ ಮಾತೇ ಇರಲಿಲ್ಲ. ಹಸುವಿನ ಮೇಲೆ ಸಿಟ್ಟು ಬಂತು, ಗಂಡನ ಮೇಲೆ ಬಂತು, ಆಮೇಲೆ ಅವೆರಡೂ ಹೋಗಿ ಬರೀ ದುಃಖ ಉಳಿಯಿತು. ರಂಗಸ್ವಾಮಿ ಬಕೆಟ್ಟು ಎತ್ತಿಕೊಂಡು ಪಕ್ಕದಲ್ಲಿ ಹಾದು ಹೋದ. ಅವಳು ದಾರಿ ಬಿಟ್ಟಳು.

ಮಾರನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಪುಟ್ಟಗೌರಮ್ಮ ಸೀರೆ ಬದಲಿಸಿ, ಬಿಚ್ಚದೇ ಇಟ್ಟಿದ್ದ ಅದೇ ಚೀಲವನ್ನು ಹೆಗಲಿಗೆ ಹಾಕಿದಳು.

"ಹಾಲ್ ಕರೆಯೋ ಹೊತ್ಗೆ ಎಲ್ಲೀಗ್ ಹೊರಟೆ?" ಎಂದ ರಂಗಸ್ವಾಮಿ.

"ಅವ್ವನ್ ಮನೇಗೆ."

ಅವ್ವ ಎಲ್ಲಿದ್ದಾಳೆ ಎಂದು ಕೇಳಲು ರಂಗಸ್ವಾಮಿ ಬಾಯಿ ತೆರೆದ. ಅವಳ ಮುಖ ನೋಡಿ ಮೊಪೆಡ್ಡಿನ ಬೀಗದ ಕೈ ತೆಗೆದುಕೊಂಡ. ಮೊಪೆಡ್ಡಿನಲ್ಲಿ ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದ. ಬಸ್ಸು ಜಕ್ಕನಹಳ್ಳಿ ದಾಟುವಾಗ ಗದ್ದೆಗಳು ಮುಗಿದು ತೆಂಗು, ರಾಗಿ ಕೊಯ್ದ ಹೊಲಗಳು ಶುರುವಾದವು. ಹದಿನಾಲ್ಕು ವರ್ಷ ಈ ದಾರಿಯನ್ನು ಅವಳು ಸಂಜೆಯ ಬಿಸಿಲಿನಲ್ಲಿ ಈ ದಿಕ್ಕಿಗೆ ನೋಡಿಯೇ ಇರಲಿಲ್ಲ. ನಾಗಮಂಗಲದಲ್ಲಿ ಇನ್ನೊಂದು ಬಸ್ಸು ಹಿಡಿದು ಊರು ಸೇರುವಾಗ ಐದೂಕಾಲು.

ಪಾರ್ವತಮ್ಮ ಅಂಗಳದಲ್ಲಿ ಸೌದೆ ಒಟ್ಟುತ್ತಿದ್ದಳು. ಅತ್ತಿಗೆಯನ್ನು ನೋಡಿ ಗಾಬರಿಯಾಗಿ ಎದ್ದಳು. "ಇದೇನತ್ಗೆ, ಈ ಹೊತ್ನಲ್ಲಿ? ಎಲ್ಲಾ ಚೆನ್ನಾಗವ್ರಾ? ಹೇಮಾ ಎಂಗವ್ಳೆ?"

"ಎಲ್ಲಾ ಚೆನ್ನಾಗವ್ರೆ. ಸುಮ್ಕೆ ಬಂದೆ."

ಪಾರ್ವತಮ್ಮ ನೀರು ಕೊಟ್ಟಳು, ಕಾಫಿ ಕೊಟ್ಟಳು. ಒಳಗೆ ಚಿಕ್ಕಬೋರಮ್ಮನ ಮಂಚವಿದ್ದ ಜಾಗದಲ್ಲಿ ಈಗ ರಾಗಿ ಮೂಟೆಗಳಿದ್ದವು. ಪುಟ್ಟಗೌರಮ್ಮ ಅದರ ಪಕ್ಕ ಗೋಡೆಗೊರಗಿ ನೆಲದ ಮೇಲೆ ಕೂತಳು. ಗಡಿಯಾರ ಐದೂವರೆ ತೋರಿಸಿತು. ಅವಳ ಬೆರಳುಗಳು ಎರಡು ಸಲ ಮಡಿಚಿ ಬಿಚ್ಚಿ, ಆಮೇಲೆ ಮಡಿಲಲ್ಲಿ ಸುಮ್ಮನಾದವು.

"ಆರೂಕಾಲಕ್ಕೆ ಕೊನೇ ಬಸ್ಸು ಅತ್ಗೆ. ನಿಮ್ ಹಸ ಕಾಯ್ತಾ ಇರ್ತದೆ. ಬೇಗ ಎಸರಿಡ್ಲಾ, ಒಂದು ಮುದ್ದೆ ಉಂಡ್ಕಂಡು ಹೋಗೀರಂತೆ?" ಎಂದಳು ಪಾರ್ವತಮ್ಮ.

"ಬ್ಯಾಡ ಕಣೆ, ನಿಧಾನಕ್ಕೇ ಇಡು" ಎಂದಳು ಪುಟ್ಟಗೌರಮ್ಮ. ಹೇಳಿದ್ದು ಪಾರ್ವತಮ್ಮನಿಗೆ, ಕಣ್ಣಿದ್ದದ್ದು ಮೂಟೆಗಳ ಕಡೆ. "ಇವತ್ತೊಂದಿನ ಇರ್ತೀನಿ."